ಅದೇ ದಾರಿಯಲ್ಲಿ ನಡೆದವರ ಮಾತು: ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯನ್ನು ಎದುರಿಸುವವರಿಗೆ



ಕಾಯಿಲೆಯ ವಿಷಯದಲ್ಲಿ ನಮ್ಮ ಗಂಡಸರು ಮಾತನಾಡದವರೇನಲ್ಲ. ಮಂಡಿನೋವು, ಸಕ್ಕರೆ ಕಾಯಿಲೆ, ಹೃದಯಕ್ಕೆ ಹಾಕಿಸಿದ ಸ್ಟೆಂಟು, ಇವೆಲ್ಲ ಅರಳಿಕಟ್ಟೆಯ ಮೇಲೆ ದಿನವೂ ಚರ್ಚೆಯಾಗುತ್ತವೆ. ಆದರೆ ಮೂತ್ರಕ್ಕೋ ದಾಂಪತ್ಯಕ್ಕೋ ಸಂಬಂಧಿಸಿದ ತೊಂದರೆ ಬಂದಾಗ ಅದೇ ಗಂಡಸರು ಮನೆಯವರ ಮುಂದೆಯೂ ಬಾಯಿ ಬಿಡುವುದಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇಂತಹ ಮೌನದಲ್ಲಿ ಅನುಭವಿಸಲ್ಪಡುವ ಕಾಯಿಲೆ. ಈ ಸಂಚಿಕೆಯಲ್ಲಿ ಆ ಮೌನವನ್ನು ಮುರಿಯುವ ಒಂದು ಸರಳ ಉಪಾಯವನ್ನು ಕುರಿತು ವಿಚಾರ ಮಾಡೋಣ. ಅದೇ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡು ಬದುಕುತ್ತಿರುವ ಮತ್ತೊಬ್ಬರನ್ನು ಕಂಡು ಮಾತನಾಡುವುದೇ ಆ ಉಪಾಯ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳೋಣ. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಅರವತ್ತಾರು ವರ್ಷದ ಹಿರಿಯರು. ರಾತ್ರಿ ನಾಲ್ಕೈದು ಬಾರಿ ಮೂತ್ರಕ್ಕೆ ಏಳುತ್ತಿದ್ದುದರಿಂದ ಪರೀಕ್ಷೆ ಮಾಡಿಸಿದರು. ರಕ್ತದಲ್ಲಿ ಪಿ.ಎಸ್.ಎ. ಪ್ರಮಾಣ ಹೆಚ್ಚಾಗಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಖಚಿತವಾಯಿತು. ವೈದ್ಯರು ಗ್ರಂಥಿಯನ್ನು ತೆಗೆಯಬೇಕೆಂದು ಹೇಳಿ ಹತ್ತು ನಿಮಿಷ ವಿವರಿಸಿದರು. ಅವರು ತಲೆಯಾಡಿಸಿ ಹೊರಬಂದರು. ಬಸ್ಸಿನಲ್ಲಿ ಊರಿಗೆ ಮರಳುವಾಗ ನೂರು ಪ್ರಶ್ನೆಗಳು ಎದ್ದವು. ಮತ್ತೆ ಮಗ್ಗದ ಮುಂದೆ ಕೂರಬಹುದೇ? ಮೂತ್ರ ಸೋರುತ್ತಲೇ ಇರುತ್ತದೆಯೇ? ನಾಲ್ಕು ಜನರ ಮಧ್ಯೆ ಹೋಗುವುದು ಹೇಗೆ? ಇವನ್ನು ಯಾರನ್ನು ಕೇಳಬೇಕೆಂಬುದೇ ಅವರಿಗೆ ತಿಳಿಯಲಿಲ್ಲ.

ಶಸ್ತ್ರಚಿಕಿತ್ಸೆ ಎಂದರೇನು?

ಪ್ರಾಸ್ಟೇಟ್ ಗ್ರಂಥಿ ಗಂಡಸರಲ್ಲಿ ಮಾತ್ರ ಇರುವಂಥದು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಒಂದು ದೊಡ್ಡ ನೆಲ್ಲಿಕಾಯಿಯ ಗಾತ್ರದಲ್ಲಿರುತ್ತದೆ. ಕ್ಯಾನ್ಸರ್ ಗ್ರಂಥಿಯೊಳಗೇ ಇರುವಾಗ ಇಡೀ ಗ್ರಂಥಿಯನ್ನು ತೆಗೆದು, ಮೂತ್ರಕೋಶವನ್ನು ಮೂತ್ರನಾಳಕ್ಕೆ ಮತ್ತೆ ಹೊಲಿಯುತ್ತಾರೆ. ಆ ಹೊಲಿಗೆ ಮಾಯುವವರೆಗೆ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕ್ಯಾಥೆಟರ್ ಎಂಬ ನಳಿಕೆಯ ಮೂಲಕ ಮೂತ್ರವು ಚೀಲಕ್ಕೆ ಹರಿಯುತ್ತದೆ. ನಳಿಕೆ ತೆಗೆದ ಮೇಲೆ ಕೆಮ್ಮಿದಾಗ, ಎದ್ದಾಗ, ಭಾರ ಎತ್ತಿದಾಗ ಮೂತ್ರ ಸೋರುವುದು ಸಾಮಾನ್ಯ. ಬಹುಪಾಲು ಜನರಲ್ಲಿ ಇದು ವಾರಗಳಿಂದ ತಿಂಗಳುಗಳ ಅವಧಿಯಲ್ಲಿ ಕಡಿಮೆಯಾಗುತ್ತ ಬರುತ್ತದೆ; ಕೆಲವರಲ್ಲಿ ಸ್ವಲ್ಪ ಉಳಿಯುತ್ತದೆ. ಗ್ರಂಥಿಯ ಪಕ್ಕದಲ್ಲಿಯೇ ಹಾದುಹೋಗುವ ನರಗಳಿಗೆ ಪೆಟ್ಟಾಗುವುದರಿಂದ ಲೈಂಗಿಕ ಶಕ್ತಿ ಕುಂದುತ್ತದೆ. ನರಗಳನ್ನು ಉಳಿಸಲು ಸಾಧ್ಯವಾದವರಲ್ಲಿಯೂ ಅದು ಮರಳಲು ಒಂದೆರಡು ವರ್ಷ ಹಿಡಿಯಬಹುದು.

ಇಷ್ಟನ್ನು ವೈದ್ಯರು ಹೇಳುತ್ತಾರೆ. ಆದರೆ "ಮೂರನೆಯ ವಾರದಲ್ಲಿ ನನಗೆ ಅಳು ಬಂದಿತ್ತು, ಮೂರನೆಯ ತಿಂಗಳಲ್ಲಿ ನಾನು ಮದುವೆಗೆ ಹೋಗಿ ಪಂಕ್ತಿಯಲ್ಲಿ ಕುಳಿತು ಉಂಡೆ" ಎಂದು ಹೇಳಬಲ್ಲವರು ಆ ದಾರಿಯಲ್ಲಿ ನಡೆದವರು ಮಾತ್ರ. 1952ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿದ್ದ ಟೆರೀಸ್ ಲಾಸರ್ ಎಂಬ ಮಹಿಳೆ, ಅದೇ ಚಿಕಿತ್ಸೆ ಪಡೆದ ಇತರರ ಬಳಿಗೆ ತಾವೇ ಹೋಗಿ ಮಾತನಾಡಿಸುವ ಪದ್ಧತಿಯನ್ನು ಆರಂಭಿಸಿದರು. ಇಂದು ಅದು ಅನೇಕ ದೇಶಗಳಲ್ಲಿದೆ. ಗಂಡಸರು ಈ ವಿಷಯದಲ್ಲಿ ತಡಮಾಡಿದರು. ಪ್ರಾಸ್ಟೇಟ್ ಕ್ಯಾನ್ಸರಿನವರ ಇಂತಹ ಬಳಗಗಳು ಅಲ್ಲಿಯೂ ಬೆಳೆದದ್ದು 1990ರ ಆಸುಪಾಸಿನಿಂದ ಈಚೆಗೆ. ಅನುಭವವನ್ನು ಎದುರುಬದುರು ಕುಳಿತು ಹಂಚಿಕೊಳ್ಳುವುದು ಅನುಭವ ಮಂಟಪದ ಪರಂಪರೆಯವರಾದ ನಮಗೆ ಹೊಸದಲ್ಲ. ಕಾಯಿಲೆಯ ಅನುಭವಕ್ಕೂ ಅದನ್ನು ವಿಸ್ತರಿಸಬೇಕಾಗಿದೆ, ಅಷ್ಟೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಿ

ನಮ್ಮ ಊರುಗಳಲ್ಲಿ "ನನಗೂ ಪ್ರಾಸ್ಟೇಟ್ ಆಪರೇಷನ್ ಆಗಿದೆ, ನಾಲ್ಕೇ ದಿನದಲ್ಲಿ ಮನೆಗೆ ಬಂದೆ" ಎನ್ನುವವರು ಅನೇಕರಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ಆಗಿರುವುದು ವಯಸ್ಸಿನಿಂದ ಊದಿಕೊಂಡ, ಕ್ಯಾನ್ಸರ್ ಅಲ್ಲದ ಗ್ರಂಥಿಯನ್ನು ಒಳಗಿನಿಂದ ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ. ಅದು ಬೇರೆ, ಇದು ಬೇರೆ. ಅವರ ಮಾತನ್ನು ನಂಬಿ ಹೋದವರು ತಮ್ಮ ಚೇತರಿಕೆ ನಿಧಾನವಾದಾಗ ಏನೋ ಕೆಟ್ಟಿತೆಂದು ಹೆದರುತ್ತಾರೆ. ಹಾಗೆಯೇ ವಿಕಿರಣ ಚಿಕಿತ್ಸೆ ಅಥವಾ ಹಾರ್ಮೋನ್ ಚಿಕಿತ್ಸೆ ಪಡೆದವರ ಅನುಭವವೂ ಭಿನ್ನ. ಆದ್ದರಿಂದ ಮೊದಲ ಪ್ರಶ್ನೆ ಇದಾಗಿರಲಿ: "ನಿಮಗೆ ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನು ತೆಗೆದರೆ?"

ಅನುಭವಿಗಳನ್ನು ಎಲ್ಲಿ ಕಾಣಬಹುದು?

ಮೊದಲನೆಯದಾಗಿ, ಚಿಕಿತ್ಸೆ ನೀಡುವ ಆಸ್ಪತ್ರೆಯಲ್ಲಿಯೇ ಕೇಳಿ. ಮೂತ್ರರೋಗ ತಜ್ಞರಿಗೋ ವಾರ್ಡಿನ ನರ್ಸಿಗೋ ಸಮಾಜ ಕಾರ್ಯಕರ್ತರಿಗೋ "ಇದೇ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷವಾದ, ನಮ್ಮ ವಯಸ್ಸಿನ ಒಬ್ಬರು ಮಾತನಾಡಲು ಒಪ್ಪುವರೇ?" ಎಂದು ವಿನಂತಿಸಿ. ಒಬ್ಬ ರೋಗಿಯ ದೂರವಾಣಿ ಸಂಖ್ಯೆಯನ್ನು ಅವರ ಒಪ್ಪಿಗೆಯಿಲ್ಲದೆ ಕೊಡುವುದು ಸರಿಯಲ್ಲ. ಆದ್ದರಿಂದ ನಿಮ್ಮ ಸಂಖ್ಯೆಯನ್ನು ಬರೆದುಕೊಟ್ಟು ಬನ್ನಿ.

ಎರಡನೆಯದಾಗಿ, ಕಾಯುವ ಕೊಠಡಿ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಿಗೆ ನಾಡಿನ ಎಲ್ಲ ಕಡೆಯಿಂದ ಜನ ಬರುತ್ತಾರೆ. ಮರುಪರೀಕ್ಷೆಗೆ ಬಂದವರು ಗಂಟೆಗಟ್ಟಲೆ ಬೆಂಚಿನ ಮೇಲೆ ಕುಳಿತಿರುತ್ತಾರೆ. "ಯಾವೂರು ಸ್ವಾಮಿ? ಏನು ತೊಂದರೆ?" ಎಂಬ ಒಂದು ಮಾತಿನಿಂದ ಎಷ್ಟೋ ಭಾರ ಇಳಿಯುತ್ತದೆ. ರೋಗಿಯ ಜೊತೆಗೆ ಬಂದ ಗೃಹಿಣಿಯರೂ ಪರಸ್ಪರ ಮಾತನಾಡಲಿ. ಚೀಲ ಬರಿದುಮಾಡುವುದು, ಹಾಸಿಗೆ ಒದ್ದೆಯಾಗದಂತೆ ನೋಡಿಕೊಳ್ಳುವುದು ಅವರ ಪಾಲಿಗೇ ಬರುವ ಕೆಲಸ.

ಮೂರನೆಯದಾಗಿ, ಸುತ್ತಲಿನ ಊರುಗಳು. ನೆಲಮಂಗಲ, ದೇವನಹಳ್ಳಿ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಇಂಥವರು ಇದ್ದರೂ ಹೇಳಿಕೊಂಡಿರುವುದಿಲ್ಲ. ನಿಮ್ಮ ನಂಬಿಕೆಯ ವೈದ್ಯರ ಮೂಲಕ ವಿಚಾರಿಸಿದರೆ ಒಬ್ಬರಾದರೂ ದೊರೆಯಬಹುದು. ಯಾರೂ ದೊರೆಯದೆ ರಾತ್ರಿ ನಿದ್ದೆಗೆಟ್ಟು ಮನಸ್ಸು ಕುಸಿಯುತ್ತಿದ್ದರೆ 14416 ಸಂಖ್ಯೆಗೆ ಕರೆ ಮಾಡಿ. ಇದು 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ಏನನ್ನು ಕೇಳಬೇಕು?

ಸಂಕೋಚ ಬೇಡ. ಚಿಕ್ಕ ಪ್ರಶ್ನೆಗಳೇ ದೊಡ್ಡ ನೆಮ್ಮದಿ ಕೊಡುತ್ತವೆ. ಮೂತ್ರದ ಚೀಲವನ್ನು ಪಂಚೆಯೊಳಗೆ ಹೇಗೆ ಕಟ್ಟಿಕೊಂಡಿರಿ? ಅದನ್ನು ಯಾವಾಗಲೂ ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ ಇರಿಸಬೇಕೆಂಬುದನ್ನು ಅನುಭವಿಗಳು ತೋರಿಸಿಕೊಟ್ಟರೆ ಮರೆಯುವುದಿಲ್ಲ. ನಳಿಕೆ ತೆಗೆಸುವ ದಿನ ಜೊತೆಗೆ ಪ್ಯಾಡು, ಒಂದು ಜೊತೆ ಬಟ್ಟೆ ಒಯ್ದಿದ್ದಿರೆ? ದಿನಕ್ಕೆ ಎಷ್ಟು ಪ್ಯಾಡು ಬೇಕಾಯಿತು? ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಏನು ಮಾಡಿದಿರಿ? ಹಾಲು ಕರೆಯಲು, ಮೂಟೆ ಎತ್ತಲು, ಬೈಕು ಓಡಿಸಲು ವೈದ್ಯರು ಯಾವಾಗ ಒಪ್ಪಿದರು? ಖರ್ಚು ಹೇಗೆ ನಿಭಾಯಿಸಿದಿರಿ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಸೌಲಭ್ಯವಿದೆ. ಯಾವ ಕಾಗದಕ್ಕಾಗಿ ಎಲ್ಲಿ ನಿಲ್ಲಬೇಕೆಂಬುದನ್ನು ಒಮ್ಮೆ ನಿಂತು ಬಂದವರು ಚೆನ್ನಾಗಿ ಬಲ್ಲರು.

ಸೋರಿಕೆಯನ್ನು ತಡೆಯುವ ಸ್ನಾಯುಗಳ ವ್ಯಾಯಾಮವನ್ನೂ ಕೇಳಿ. ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಒಳಸ್ನಾಯುಗಳನ್ನು ಕೆಲವು ಕ್ಷಣ ಬಿಗಿದು ಸಡಿಲಿಸುವುದೇ ಆ ವ್ಯಾಯಾಮ. ಯೋಗಾಭ್ಯಾಸಿಗಳಿಗೆ ಪರಿಚಿತವಾದ ಮೂಲಬಂಧವನ್ನು ಹೋಲುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕಲಿಯುವುದು ಒಳ್ಳೆಯದು. ನಳಿಕೆ ಇರುವಾಗ ಮಾಡಬಾರದು.

ದಾಂಪತ್ಯದ ಪ್ರಶ್ನೆಯನ್ನೂ ಬಚ್ಚಿಡಬೇಡಿ. ಈ ಬದಲಾವಣೆಯನ್ನು ತಮ್ಮ ಗಂಡಸುತನಕ್ಕೇ ಬಂದ ಕುಂದೆಂದು ಭಾವಿಸಿ ಹೆಂಡತಿಯಿಂದ ದೂರ ಸರಿಯುವವರಿದ್ದಾರೆ. ಇದಕ್ಕೂ ಚಿಕಿತ್ಸೆಯುಂಟು. ಕಾಯಿಲೆಯ ಮಾತನ್ನು ಇಬ್ಬರೂ ಕೂಡಿ ಆಡುವುದೇ ಮೊದಲ ಹೆಜ್ಜೆ.

ಎಲ್ಲೆ ಎಲ್ಲಿದೆ?

ಅನುಭವಿಗಳ ಮಾತು ಆಸರೆಯೇ ಹೊರತು ಚಿಕಿತ್ಸೆಯಲ್ಲ. ಒಬ್ಬರಿಗೆ ಒಂದು ತಿಂಗಳಲ್ಲಿ ನಿಂತ ಸೋರಿಕೆ ಇನ್ನೊಬ್ಬರಿಗೆ ಎಂಟು ತಿಂಗಳು ಹಿಡಿಯಬಹುದು; ಹೋಲಿಸಿ ಕೊರಗಬಾರದು. "ಆಪರೇಷನ್ ಬೇಡ, ಈ ಬೇರು ಕುಡಿಯಿರಿ" ಎನ್ನುವವರನ್ನು ಕೈಮುಗಿದು ಬಿಟ್ಟುಬಿಡಿ. ಜ್ವರ ಬಂದರೆ, ನಳಿಕೆಯಲ್ಲಿ ಮೂತ್ರ ನಿಂತುಹೋದರೆ, ರಕ್ತದ ಗಡ್ಡೆಗಳು ಬಂದರೆ, ಕಾಲು ಊದಿ ನೋವಾದರೆ, ಉಸಿರು ಕಟ್ಟಿದಂತಾದರೆ ಯಾರನ್ನೂ ಕೇಳುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಗುಣವಾದೆವೆಂದು ಪಿ.ಎಸ್.ಎ. ಮರುಪರೀಕ್ಷೆಯನ್ನು ಬಿಡಬಾರದು. ಗ್ರಂಥಿಯನ್ನು ತೆಗೆದ ಮೇಲೆ ಅದು ಬಹುತೇಕ ಶೂನ್ಯಕ್ಕೆ ಇಳಿಯಬೇಕು. ಮತ್ತೆ ಏರತೊಡಗಿದರೆ ಬೇಗ ತಿಳಿದಷ್ಟೂ ಒಳ್ಳೆಯದು.

ಪೂಜೆ ಮತ್ತು ಮಠದ ಬಾಗಿಲು

ಕಡೆಯದಾಗಿ ಒಂದು ಮಾತು. ಬಟ್ಟೆ ಒದ್ದೆಯಾದೀತೆಂಬ ಅಂಜಿಕೆಯಿಂದ ಇಷ್ಟಲಿಂಗ ಪೂಜೆಗೆ ಕೂರುವುದನ್ನೂ ಮಠಕ್ಕೆ ಬರುವುದನ್ನೂ ಬಿಡಬೇಕೆಂದು ಯೋಚಿಸುವವರು ಇರಬಹುದು. ಪಂಚಸೂತಕಗಳನ್ನೇ ನಿರಾಕರಿಸಿದ ಶರಣರ ದಾರಿಯಲ್ಲಿ ನಡೆಯುವವರು ಕಾಯಿಲೆಯನ್ನು ಮೈಲಿಗೆಯೆಂದು ಎಣಿಸಬೇಕಾಗಿಲ್ಲ. ಸ್ನಾನ ಮಾಡಿ, ಒಣ ಪ್ಯಾಡು ಧರಿಸಿ, ನೆಮ್ಮದಿಯಿಂದ ಪೂಜೆಗೆ ಕೂರಬಹುದು. ಪ್ರವಚನದ ನಡುವೆ ಎದ್ದು ಹೋಗಬೇಕಾದೀತೆಂದಿದ್ದರೆ ಬಾಗಿಲ ಬಳಿ ಕುಳಿತರಾಯಿತು. ಪೂಜೆಯನ್ನೂ ಜನರ ಸಂಗವನ್ನೂ ಬಿಟ್ಟು ಮನೆಯ ಮೂಲೆ ಹಿಡಿದರೆ ಮನಸ್ಸು ಶರೀರಕ್ಕಿಂತ ಮೊದಲು ಸೋಲುತ್ತದೆ.

ಈಗಾಗಲೇ ಗುಣವಾಗಿರುವ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ವೈದ್ಯರ ಬಳಿ ಹೋಗಿ "ಯಾರಿಗಾದರೂ ಬೇಕಾದರೆ ನಾನು ಮಾತನಾಡುತ್ತೇನೆ" ಎಂದು ಹೇಳಿಡಿ. ಮಾತನಾಡುವಾಗ ಹೆಚ್ಚು ಕೇಳಿಸಿಕೊಳ್ಳಿ. "ನಿಮಗೂ ಹೀಗೇ ಆಗುತ್ತದೆ" ಎನ್ನದೆ "ನನಗೆ ಹೀಗಾಯಿತು" ಎನ್ನಿ. ಕೇಳಿದ್ದನ್ನು ಮನೆಯಲ್ಲಿಯೂ ಹೇಳಬೇಡಿ. ದಾಸೋಹವೆಂದರೆ ಅನ್ನವೊಂದೇ ಅಲ್ಲ. ನೀವು ಪಟ್ಟ ಕಷ್ಟದ ತಿಳಿವಳಿಕೆಯೂ ಮತ್ತೊಬ್ಬರ ಹಸಿವನ್ನು ತಣಿಸಬಲ್ಲದು. ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಪ್ರಶ್ನೆಗಳನ್ನು ಹೊತ್ತು ಕುಳಿತ ಆ ಹಿರಿಯರ ಪಕ್ಕದ ಸೀಟು ಖಾಲಿ ಉಳಿಯದಿರಲಿ.