ಬಾಗಿಲವಾಡದ ದ್ವಾರಪಾಲಕರು

ದೇವಾಲಯವನ್ನು ಹೊಕ್ಕವರ ಕಣ್ಣು ಹೊಸ್ತಿಲನ್ನು ದಾಟುವುದಕ್ಕೆ ಮುಂಚೆಯೇ ಗರ್ಭಗುಡಿಯ ದೀಪವನ್ನು ಅರಸುವುದು ಸಹಜವಾದುದರಿಂದ, ಆ ಹೊಸ್ತಿಲಿನ ಇಕ್ಕೆಲಗಳಲ್ಲಿ ಶತಮಾನಗಳಿಂದ ಕಾವಲಿರುವ ದ್ವಾರಪಾಲಕರನ್ನು ನಿಂತು ನೋಡುವವರು ವಿರಳ. ಜಗಳೂರಿನ ಸುತ್ತಣ ಸೀಮೆಯಲ್ಲಿಯಂತೂ ಈ ಉಪೇಕ್ಷೆಗೆ ಶಿಲ್ಪದಲ್ಲಿಯೇ ಒಂದು ಕಾರಣವುಂಟು: ಇಲ್ಲಿ ಬೇರೂರಿದ ಕಲ್ಯಾಣ ಚಾಲುಕ್ಯರ ಶೈಲಿಯಲ್ಲಿ ದ್ವಾರಪಾಲಕನು ಸಾಮಾನ್ಯವಾಗಿ ಬಾಗಿಲವಾಡದ ಬುಡಕ್ಕೆ ಇಳಿದು, ಕಿರುಮೂರ್ತಿಯಾಗಿಬಿಟ್ಟಿದ್ದಾನೆ.

ಮೊದಲಿಗೆ ಆತನು ಹೀಗಿರಲಿಲ್ಲ. ಆರನೆಯ ಶತಮಾನದ ಬಾದಾಮಿಯ ಮೊದಲನೆಯ ಗುಹೆಯಲ್ಲಿ, ಹದಿನೆಂಟು ತೋಳುಗಳ ನಟರಾಜನು ಒಂದು ಪಾರ್ಶ್ವದಲ್ಲಿ ನರ್ತಿಸುತ್ತಿರಲು, ಇನ್ನೊಂದು ಪಾರ್ಶ್ವದಲ್ಲಿ ತ್ರಿಶೂಲಧಾರಿಯಾದ ದ್ವಾರಪಾಲಕನು ಪ್ರಶಾಂತಗಂಭೀರನಾಗಿ ನಿಂತಿದ್ದಾನೆ. ಆತನ ಅಡಿಯಲ್ಲಿ, ಒಂದೇ ಶಿರಸ್ಸು ಒಮ್ಮೆ ವೃಷಭವಾಗಿಯೂ ಒಮ್ಮೆ ಗಜವಾಗಿಯೂ ತೋರುವಂತೆ ಬೆಸೆದ ಶಿಲ್ಪವೊಂದಿದೆ. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಆತನು ಭಾರವಾದ ಗದೆಗೆ ಮೈಯೊರಗಿಸಿದ ಭಟನಾಗಿದ್ದಾನೆ.

ಶಿವಾಲಯದಲ್ಲಿ ಬಾಗಿಲ ಇಕ್ಕೆಲದ ಇಬ್ಬರಿಗೆ ನಂದಿ, ಮಹಾಕಾಲರೆಂದೂ, ವಿಷ್ಣುವಿನ ಆಲಯದಲ್ಲಿ ಜಯ, ವಿಜಯರೆಂದೂ ಹೆಸರು ಹೇಳುವುದು ವಾಡಿಕೆ. ಉಗ್ರವಾದ ಕಣ್ಣು, ಕೆಲವೆಡೆ ತುಟಿಯ ಅಂಚಿನಿಂದ ಇಣುಕುವ ಕೋರೆಹಲ್ಲು, ಎತ್ತಿ ಹಿಡಿದ ತರ್ಜನಿ, ಇವೆಲ್ಲ ಬಂದವನನ್ನು ಹಿಮ್ಮೆಟ್ಟಿಸುವುದಕ್ಕಲ್ಲ, ಒಂದು ಕ್ಷಣ ತಡೆದು ನಿಲ್ಲಿಸುವುದಕ್ಕೆಂದು ನಾನು ತಿಳಿದಿದ್ದೇನೆ. ಸನಕಾದಿ ಮುನಿಗಳನ್ನು ವೈಕುಂಠದ ಬಾಗಿಲಲ್ಲಿ ತಡೆದ ಅಪರಾಧಕ್ಕೆ ಜಯವಿಜಯರು ಹಿರಣ್ಯಾಕ್ಷ ಹಿರಣ್ಯಕಶಿಪುಗಳಾಗಿ, ರಾವಣ ಕುಂಭಕರ್ಣರಾಗಿ, ಶಿಶುಪಾಲ ದಂತವಕ್ತ್ರರಾಗಿ ಮೂರು ಜನ್ಮ ತಾಳಬೇಕಾಯಿತೆಂಬ ಭಾಗವತದ ಕಥೆಯನ್ನು ನೆನೆದರೆ, ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ವಿವೇಚನೆಯ ಹೊರೆ ಎಷ್ಟು ದೊಡ್ಡದೆಂಬುದು ಮನವರಿಕೆಯಾಗುತ್ತದೆ.

ನೊಳಂಬವಾಡಿಯೆನಿಸಿಕೊಂಡಿದ್ದ, ಮುಂದೆ ಉಚ್ಚಂಗಿಯ ಪಾಂಡ್ಯರು ಚಾಲುಕ್ಯರ ಮಾಂಡಲಿಕರಾಗಿ ಆಳಿದ, ಜಗಳೂರಿನ ಸುತ್ತಣ ಈ ನಾಡಿನಲ್ಲಿ ರೂವಾರಿಗಳ ಕೈಗೆ ಒದಗಿದ್ದು ಬಳಪದ ಕಲ್ಲು. ಉಳಿಗೆ ಸುಲಭವಾಗಿ ಒಲಿಯುವ ಆ ಶಿಲೆ ದೊರೆತಮೇಲೆ ಅವರ ಆಸಕ್ತಿಯೆಲ್ಲ ಬಾಗಿಲವಾಡದ ಮೇಲೆಯೇ ನೆಟ್ಟಿತು: ಬಳ್ಳಿಯ ಸುರುಳಿಯದೊಂದು ಶಾಖೆ, ಕಂಬದ ರೂಪಿನದೊಂದು, ನರ್ತಕರೂ ವಾದಕರೂ ಸಾಲುಗೊಂಡದ್ದು ಮತ್ತೊಂದು, ಹೀಗೆ ಪಟ್ಟಿಯ ಪಕ್ಕದಲ್ಲಿ ಪಟ್ಟಿ ಏರಿ, ಲಲಾಟದಲ್ಲಿ ಅನೇಕ ಕಡೆ ಗಜಲಕ್ಷ್ಮಿ ನೆಲಸಿ, ಆ ಶಾಖೆಗಳೆಲ್ಲ ನೆಲ ಮುಟ್ಟುವೆಡೆಯಲ್ಲಿ ಚಾಮರಧಾರಿಣಿಯರ ನಡುವೆ ದ್ವಾರಪಾಲಕನು ನಿಂತನು. ಆತನನ್ನು ಕಾಣಬೇಕಾದವನು ಈಗ ಬಾಗಲೇಬೇಕು. ಬಾದಾಮಿಯ ಭಟನು ತನ್ನ ನಿಲುವಿನಿಂದ ತಡೆದು ಪಡೆದ ವಿನಯವನ್ನು ಈ ಕಿರಿಯನು ತನ್ನ ಸಣ್ಣತನದಿಂದಲೇ ಪಡೆದುಕೊಂಡಿದ್ದಾನೆ. ಇದನ್ನು ಕಲೆಯ ಇಳಿಮುಖವೆನ್ನುವವರ ಮಾತನ್ನು ನಾನು ಒಪ್ಪಲಾರೆ.

ಜಗಳೂರಿನಿಂದ ವಾಯವ್ಯಕ್ಕೆ, ಹರಪನಹಳ್ಳಿಯ ಆಚೆಗಿರುವ ಬಾಗಳಿಯಲ್ಲಿ 987ರ ಶಾಸನವುಳ್ಳ ಕಲ್ಲೇಶ್ವರನ ಗುಡಿಯ ಬಾಗಿಲವಾಡಗಳನ್ನು ನೋಡಿದವನಿಗೆ ಈ ಪರಂಪರೆಯ ಸೂಕ್ಷ್ಮತೆ ಅರಿವಾದೀತು. ಪಶ್ಚಿಮಕ್ಕೆ ಹರಿಹರದಲ್ಲಿ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರಾಲಯವಿದೆ. ಅದೇ ಹೊಯ್ಸಳರ ಹಳೇಬೀಡಿನಲ್ಲಿ ದ್ವಾರಪಾಲಕನು ಮತ್ತೆ ಆಳೆತ್ತರ ಬೆಳೆದು, ಮೈಯೆಲ್ಲ ಹಾರಕೇಯೂರಗಳಿಂದ ತುಂಬಿದ್ದಾನೆ; ಕೈಗಳು ಭಗ್ನವಾಗಿದ್ದರೂ ಆ ಮೂರ್ತಿಗಳ ಗಾಂಭೀರ್ಯ ಕುಂದಿಲ್ಲ.

ನಮ್ಮ ಹಳ್ಳಿಗಳ ಗುಡಿಗಳಲ್ಲಿ ಭಕ್ತಿಯಿಂದಲೇ ಬಳಿದ ಸುಣ್ಣವೂ ಎಣ್ಣೆಬಣ್ಣವೂ ಈ ಚಿಕ್ಕ ಮೂರ್ತಿಗಳ ಬೆರಳು, ಹಾರ, ತುಟಿಗಳ ಗೀರುಗಳನ್ನು ತುಂಬಿ ಮುಚ್ಚಿಬಿಡುತ್ತವೆ. ಹಾಗೆಂದು ಉತ್ಸಾಹದಿಂದ ಉಳಿ, ಉಜ್ಜುಗಲ್ಲು ಹಿಡಿದು ಕೆರೆಯುವುದೂ ಸಲ್ಲದು, ಬಳಪದ ಕಲ್ಲು ಅಷ್ಟು ಒರಟುತನವನ್ನು ತಾಳಲಾರದು; ಜೀರ್ಣೋದ್ಧಾರಕ್ಕೆ ಹಣ ಕೂಡಿಸುವ ಊರ ಹಿರಿಯರು ಬಣ್ಣದ ಡಬ್ಬಿ ತರುವುದಕ್ಕೆ ಮೊದಲು ಪುರಾತತ್ತ್ವ ಇಲಾಖೆಯ ತಿಳಿದವರೊಬ್ಬರನ್ನು ಕರೆಸಿ, ಬಾಗಿಲವಾಡದ ಬುಡವನ್ನು ತೋರಿಸಲಿ.