ಹೂವಿನ ಅತಿಥಿಗಳು

ಹಿತ್ತಿಲಿನ ಚೀನಿಕಾಯಿ ಬಳ್ಳಿಯನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಬಳ್ಳಿಯ ತುಂಬ ಹೊಂಬಣ್ಣದ ಹೂವುಗಳು ಅರಳಿದರೂ ಎಷ್ಟೋ ವೇಳೆ ಮಿಡಿಗಳು ಹಳದಿಗಟ್ಟಿ ಉದುರಿಹೋಗುತ್ತವೆ. ದೃಷ್ಟಿ ತಾಕಿತೆಂದು ಹಿರಿಯರು ಮರುಗುವುದುಂಟು. ನಿಜವಾದ ಕಾರಣ ಬೇರೆಯೇ ಇರಬಹುದು: ಬರಬೇಕಾಗಿದ್ದ ಅತಿಥಿಯು ಬರಲಿಲ್ಲ.

ಈ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಬುಡದಲ್ಲಿ ಪುಟ್ಟ ಮಿಡಿಯಿರುವುದೇ ಹೆಣ್ಣು ಹೂ. ಗಂಡು ಹೂವಿನ ಪರಾಗವು ಹೆಣ್ಣು ಹೂವನ್ನು ಸೇರಿದರೆ ಮಾತ್ರ ಮಿಡಿಯು ಕಾಯಾಗುವುದು. ಇದಕ್ಕೆ ಪರಾಗಸ್ಪರ್ಶವೆಂದು ಹೆಸರು. ಆದರೆ ಆ ಪರಾಗವು ಅಂಟಾದುದು, ಭಾರವಾದುದು. ಗಾಳಿಯು ಅದನ್ನು ಒಯ್ಯಲಾರದು. ಗಿಡಕ್ಕೆ ಕಾಲಿಲ್ಲ. ಆದುದರಿಂದ ಕಾಲೂ ರೆಕ್ಕೆಯೂ ಉಳ್ಳವರನ್ನು ಅದು ಕರೆಯಬೇಕಾಗಿದೆ.

ಕರೆಯುವ ಬಗೆಗಳು ಹಲವು. ಚೀನಿಕಾಯಿಯ ಹೂ ನಸುಕಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅದರ ಬಣ್ಣವೂ ಮಕರಂದವೂ ಜೇನ್ನೊಣಗಳಿಗಾಗಿ. ಪಡುವಲದ ಬಿಳಿಯ ಹೂವಾದರೋ ಸಂಜೆಗತ್ತಲಲ್ಲಿ ಅರಳಿ, ಇರುಳಿನ ಪತಂಗಗಳನ್ನು ಪರಿಮಳದಿಂದ ಬರಮಾಡಿಕೊಳ್ಳುತ್ತದೆ. ಕತ್ತಲೆಯಲ್ಲಿ ಬಣ್ಣಕ್ಕಿಂತ ಬಿಳುಪಿಗೂ ಗಂಧಕ್ಕೂ ಬೆಲೆ ಹೆಚ್ಚು. ಬೂರುಗ, ಮುತ್ತುಗಗಳ ಕೆಂಪು ಹೂವುಗಳು ಹಕ್ಕಿಗಳಿಗೆ ಔತಣ. ಜೇನ್ನೊಣವು ಬಣ್ಣಗಳನ್ನು ಗುರುತಿಸಬಲ್ಲದು, ಆದರೆ ಅದಕ್ಕೆ ಕೆಂಪು ಕಪ್ಪಿನಂತೆಯೇ ಕಾಣುವುದೆಂದು ಆಸ್ಟ್ರಿಯದ ವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಪ್ರಯೋಗಗಳಿಂದ ತೋರಿಸಿಕೊಟ್ಟರು. ಅವರಿಗೆ 1973ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಕಣ್ಣಿಗೆ ಬೀಳದ ಅತಿನೇರಳೆ ಬಣ್ಣವಾದರೋ ಆ ನೊಣಕ್ಕೆ ಕಾಣುತ್ತದೆ!

ಎಲ್ಲ ಆತಿಥ್ಯವೂ ಪ್ರಾಮಾಣಿಕವೆಂದು ತಿಳಿಯಬಾರದು. ಸುವರ್ಣಗೆಡ್ಡೆಯ ಹೂ ಅರಳಿದಾಗ ಸತ್ತ ಪ್ರಾಣಿಯ ನಾತ ಹರಡುತ್ತದೆ. ಕೊಳೆತ ಮಾಂಸವೆಂದು ಭ್ರಮಿಸಿ ಜೀರುಂಡೆಗಳೂ ನೊಣಗಳೂ ಓಡಿಬರುತ್ತವೆ. ಅಲ್ಲಿ ಮಾಂಸ ದೊರೆಯದು. ಆದರೆ ಗಿಡದ ಕೆಲಸ ಆಗುತ್ತದೆ.

ಅತಿಥಿಯೇ ಇಲ್ಲದ ಊರಿನಲ್ಲಿ ಏನಾಗುವುದು? ವೆನಿಲ್ಲಾ ಬಳ್ಳಿಯ ತವರು ಮೆಕ್ಸಿಕೋ. ಅದನ್ನು ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಒಯ್ದು ನೆಟ್ಟಾಗ ಬಳ್ಳಿ ಬೆಳೆಯಿತು, ಹೂ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ತವರಿನ ಕೀಟಗಳು ಅಲ್ಲಿರಲಿಲ್ಲ. 1841ರಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು, ಹೂವಿನೊಳಗಿನ ತೆಳುಪೊರೆಯನ್ನು ಕಡ್ಡಿಯಿಂದ ಸರಿಸಿ ಪರಾಗವನ್ನು ಬೆರಳಿನಿಂದ ಮುಟ್ಟಿಸುವ ಸುಲಭೋಪಾಯವನ್ನು ಕಂಡುಹಿಡಿದನು. ಕಾಸರಗೋಡು ಸೀಮೆಯಲ್ಲಿ ವೆನಿಲ್ಲಾ ಬೆಳೆದ ಕೃಷಿಕರು ಒಂದೊಂದು ಹೂವಿಗೂ ಮಾಡಿದುದು ಇದನ್ನೇ. ಕೀಟವು ಕೂಲಿಯಿಲ್ಲದೆ ಮಾಡುವ ಕೆಲಸದ ಬೆಲೆಯನ್ನು ಅವರು ಚೆನ್ನಾಗಿ ಬಲ್ಲರು.

ಗೇರುಹೂವಿಗೂ ಕೀಟಗಳ ನೆರವು ಬೇಕು. ಆ ಗೇರುತೋಟಗಳ ಮೇಲೆಯೇ ನಮ್ಮ ಜಿಲ್ಲೆಯಲ್ಲಿ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಅದನ್ನು ದೇಶದಾದ್ಯಂತ ನಿಷೇಧಿಸಿತು. ಜನರು ಪಟ್ಟ ಪಾಡನ್ನು ಇಲ್ಲಿ ಬಣ್ಣಿಸಬೇಕಾಗಿಲ್ಲ. ಅರಳಿದ ಹೂವಿನ ಮೇಲೆ ಬಿದ್ದ ವಿಷಕ್ಕೆ ಪೈರು ತಿನ್ನುವ ಹುಳು ಯಾವುದು, ಪರಾಗ ಹೊರುವ ಜೇನು ಯಾವುದು ಎಂಬ ಭೇದವಿಲ್ಲ. ಹೂ ಬಿಟ್ಟಿರುವ ಕಾಲದಲ್ಲಿ ಮದ್ದು ಹೊಡೆಯದಿರುವಂತೆ ಹೆತ್ತವರಲ್ಲಿ ನಮ್ಮ ವಿನಂತಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ನಾಳೆ ಅರಳಲಿರುವ ಎರಡು ಹೆಣ್ಣು ಮೊಗ್ಗುಗಳನ್ನು ಚೀನಿಕಾಯಿ ಬಳ್ಳಿಯಲ್ಲಿ ಇಂದು ಸಂಜೆ ಗುರುತಿಸಿರಿ. ಒಂದಕ್ಕೆ ತೆಳುಬಟ್ಟೆಯ ಚೀಲ ಕಟ್ಟಿರಿ, ಇನ್ನೊಂದನ್ನು ಹಾಗೆಯೇ ಬಿಡಿರಿ. ವಾರ ಕಳೆದ ಮೇಲೆ ಎರಡನ್ನೂ ನೋಡಿರಿ. ನಾವು ಇಷ್ಟು ಹೊತ್ತು ಹೇಳಿದುದನ್ನು ಆ ಎರಡು ಮಿಡಿಗಳೇ ನಿಮಗೆ ಹೇಳುವುವು.