ಮನೆಯ ಅಂಚೆಕಚೇರಿಯ ಕಾಗದ ಊರು ಸೇರುವುದೇ?

ಅಂಚೆಯವನು ಕಾಗದ ತಂದಾಗ, ಅದು ಯಾವ ಬೀದಿಯಿಂದ ಹೊರಟಿತು, ಆ ಬೀದಿಯ ಜನ ಎಂಥವರು ಎಂದು ವಿಚಾರಿಸಿ ಯಾರೂ ತೆಗೆದುಕೊಳ್ಳುವುದಿಲ್ಲ. ಲಕೋಟೆಗೆ ಅಂಚೆಚೀಟಿ ಇದ್ದು ವಿಳಾಸ ಸರಿಯಾಗಿದ್ದರೆ ಕಾಗದ ಮನೆ ಸೇರುತ್ತದೆ. ಮಿಂಚಂಚೆಯ ಲೋಕದ ರೀತಿಯೇ ಬೇರೆ. ಅಲ್ಲಿ ಕಾಗದವನ್ನು ಒಡೆದು ನೋಡುವುದಕ್ಕೆ ಮೊದಲೇ ಅದು ಹೊರಟ ಮನೆಯ ಕುಲಗೋತ್ರಗಳ ವಿಚಾರಣೆ ನಡೆಯುತ್ತದೆ.

ಇ-ಮೇಲ್ ಎಂದು ಎಲ್ಲರಿಗೂ ಪರಿಚಿತವಾದ ಈ ಅಂಚೆಯನ್ನು ಬಹುಮಂದಿ ದೊಡ್ಡ ಕಂಪೆನಿಗಳ ಮೂಲಕವೇ ಕಳುಹಿಸುತ್ತಾರೆ. ಆದರೆ ತಮ್ಮ ಕಾಗದಪತ್ರಗಳು ತಮ್ಮ ಮನೆಯಲ್ಲೇ ಇರಬೇಕೆಂದು ಬಯಸಿ, ಮೂಲೆಯಲ್ಲೊಂದು ಚಿಕ್ಕ ಕಂಪ್ಯೂಟರನ್ನು ಹಗಲಿರುಳೂ ನಡೆಸಿ, ಸ್ವಂತ ಅಂಚೆಕಚೇರಿಯನ್ನು ಇಟ್ಟುಕೊಂಡ ಹವ್ಯಾಸಿಗಳೂ ಉಂಟು. 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್‌ನಂಥ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ಕಚೇರಿಯನ್ನು ತೆರೆಯುವುದು ಸುಲಭ. ಅಲ್ಲಿಂದ ಹೊರಟ ಕಾಗದವನ್ನು ಊರು ಮುಟ್ಟಿಸುವುದೇ ಕಷ್ಟ.

ನಂಬಿಕೆಯ ಕಾಲ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲು ಪತ್ರ ಕಳುಹಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್; ಅದು 1971ರ ಮಾತು. 1982ರಲ್ಲಿ ಜಾನ್ ಪೋಸ್ಟೆಲ್ ಅವರು ಈ ಅಂಚೆಯ ಸಾಗಾಣಿಕೆಗೆ ನಿಯಮಗಳನ್ನು ಬರೆದರು. ಆಗ ಜಾಲದಲ್ಲಿದ್ದವರು ಹೆಚ್ಚಾಗಿ ವಿದ್ವಾಂಸರು, ಸಂಶೋಧಕರು. ಆದುದರಿಂದ ಪತ್ರ ಬರೆದವನು ತಾನೇ ಅವನೆಂದು ರುಜುವಾತುಪಡಿಸಬೇಕೆಂಬ ಕಟ್ಟಳೆ ಆ ನಿಯಮಗಳಲ್ಲಿ ಇರಲಿಲ್ಲ. ಯಾರು ಬೇಕಾದರೂ ಯಾರ ಹೆಸರನ್ನಾದರೂ ಲಕೋಟೆಯ ಮೇಲೆ ಬರೆಯಬಹುದಾಗಿತ್ತು. ಈ ಔದಾರ್ಯವನ್ನು ಮುಂದೆ ಜಾಹೀರಾತುಗಾರರೂ ವಂಚಕರೂ ಧಾರಾಳವಾಗಿ ಉಪಯೋಗಿಸಿಕೊಂಡರು. ಕಸದ ಅಂಚೆಯ ಪ್ರವಾಹವನ್ನು ತಡೆಯಲು ಪತ್ರ ಸ್ವೀಕರಿಸುವವರು ಬಾಗಿಲಲ್ಲಿ ಕಾವಲುಗಾರರನ್ನು ನಿಲ್ಲಿಸಬೇಕಾಯಿತು.

ಮನೆಯ ವಿಳಾಸವೇ ದೋಷ

ಅಂತರಜಾಲದಲ್ಲಿ ಪ್ರತಿಯೊಂದು ಮನೆಗೂ ಅಂಕಿಗಳಿಂದಾದ ಒಂದು ವಿಳಾಸ ಬೇಕು, ಇದಕ್ಕೆ ಐ.ಪಿ. ವಿಳಾಸವೆಂದು ಹೆಸರು. ಸಾಮಾನ್ಯ ಮನೆಗಳಿಗೆ ದೊರೆಯುವ ವಿಳಾಸ ಆಗಾಗ ಬದಲಾಗುತ್ತದೆ. ಎಷ್ಟೋ ಕಡೆ ಒಂದೇ ವಿಳಾಸವನ್ನು ಅನೇಕ ಮನೆಗಳು ಹಂಚಿಕೊಂಡಿರುತ್ತವೆ. ವೈರಸ್ ಹೊಕ್ಕ ಮನೆಯ ಕಂಪ್ಯೂಟರುಗಳು ಯಜಮಾನನಿಗೆ ತಿಳಿಯದಂತೆ ಕಸದ ಅಂಚೆಯನ್ನು ಕಳುಹಿಸಿದ್ದುಂಟು. ಅದಕ್ಕಾಗಿ ಅನೇಕ ಅಂತರಜಾಲ ಕಂಪೆನಿಗಳು ಅಂಚೆಗೆಂದೇ ಮೀಸಲಾದ 25ನೆಯ ದ್ವಾರವನ್ನು ಮನೆಗಳಿಗೆ ಮುಚ್ಚಿಯೇ ಬಿಡುತ್ತವೆ. ಮನೆಯ ವಿಳಾಸಗಳಿಂದ ನೇರವಾಗಿ ಅಂಚೆ ಬರಬಾರದೆಂದು ಸೂಚಿಸುವ ಪಟ್ಟಿಗಳನ್ನು ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಟ್ಟಿವೆ. ಹೀಗೆ ಒಂದೂ ತಪ್ಪು ಮಾಡದ ಗೃಹಸ್ಥನೂ ನೆರೆಹೊರೆಯ ದೋಷಕ್ಕೆ ಭಾಗಿಯಾಗಬೇಕಾಗುತ್ತದೆ.

ನಾಲ್ಕು ರುಜುವಾತುಗಳು

ಸ್ಥಿರವಾದ ವಿಳಾಸ ದೊರೆತರೂ ಮೇಲೆ ನಾಲ್ಕು ರುಜುವಾತುಗಳು ಬೇಕು. ಮೊದಲನೆಯದು, ಅಂಕಿಯ ವಿಳಾಸವನ್ನು ಕೇಳಿದರೆ ಮನೆಯ ಹೆಸರು ಹೊರಡಬೇಕು. ಇದನ್ನು ಬರೆಯಿಸಿಕೊಡಬೇಕಾದವರು ಆ ವಿಳಾಸವನ್ನು ಕೊಟ್ಟ ಕಂಪೆನಿಯವರೇ. ಎರಡನೆಯದು ಎಸ್‌ಪಿಎಫ್: ತನ್ನ ಹೆಸರಿನಲ್ಲಿ ಯಾವ ಯಂತ್ರಗಳು ಅಂಚೆ ಕಳುಹಿಸಬಹುದೆಂಬ ಬಹಿರಂಗ ಪ್ರಕಟಣೆ. ಮೂರನೆಯದು ಡಿಕಿಮ್: ಪ್ರತಿ ಪತ್ರದ ಮೇಲೂ ಒತ್ತುವ, ನಕಲು ಮಾಡಲಾಗದ ಮೊಹರು. ನಾಲ್ಕನೆಯದು ಡಿಮಾರ್ಕ್: ಈ ಪರೀಕ್ಷೆಗಳಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ಯಜಮಾನನೇ ನೀಡುವ ಸೂಚನೆ. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಕಂಪೆನಿಗಳು ಈ ವಿಷಯದಲ್ಲಿ ಬಿಗಿಯಾದವು. ಗೂಗಲ್‌ನ ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಮೇಲ್ಪಟ್ಟು ಕಳುಹಿಸುವವರಿಗೆ ಕೊನೆಯ ಮೂರೂ ಕಡ್ಡಾಯ. ನಾಲ್ಕು ಪತ್ರ ಬರೆಯುವವನಿಗೂ ಮೊದಲನೆಯದರೊಡನೆ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು.

ಕಾಣದ ಕಷ್ಟ

ಇಷ್ಟನ್ನೂ ಮಾಡಿದ ಮೇಲೆಯೂ ನಿಶ್ಚಿಂತೆಯಿಲ್ಲ. ಹೊಸ ವಿಳಾಸಕ್ಕೆ ಒಳ್ಳೆಯ ಹೆಸರಿಲ್ಲ. ಕೆಟ್ಟ ಹೆಸರಿಲ್ಲದಿರುವುದಷ್ಟೇ ಕಾವಲುಗಾರನಿಗೆ ಸಾಲದು. ಬಾಗಿಲಲ್ಲೇ ತಿರಸ್ಕೃತವಾದ ಪತ್ರ ಕಾರಣ ಹೊತ್ತು ಹಿಂದಿರುಗುತ್ತದೆ; ಆ ಕಾರಣವನ್ನು ಓದಿ ತಿದ್ದಿಕೊಳ್ಳಬಹುದು. ಸದ್ದಿಲ್ಲದೆ ಸ್ಪ್ಯಾಮ್ ಬುಟ್ಟಿಗೆ ಬಿದ್ದ ಪತ್ರದ ಸುದ್ದಿಯೇ ಬರುವುದಿಲ್ಲ. ತಂದೆಯೊಬ್ಬರು ಮಗಳ ಲಗ್ನಪತ್ರಿಕೆಯನ್ನು ಮನೆಯ ಸರ್ವರಿನಿಂದ ನೆಂಟರಿಗೆಲ್ಲ ಕಳುಹಿಸಿದರೆಂದು ಭಾವಿಸೋಣ. ಕಳುಹಿಸಿದ್ದಕ್ಕೆ ಅವರ ಬಳಿ ದಾಖಲೆಯುಂಟು. ಕರೆಯಲಿಲ್ಲವೆಂಬ ಮುನಿಸು ಸೋದರಮಾವನ ಮನೆಯಲ್ಲುಂಟು. ಎರಡೂ ಸತ್ಯವೇ!

ಮಧ್ಯಮ ಮಾರ್ಗ

ಅನುಭವಿಗಳು ಹಿಡಿದ ದಾರಿಯೊಂದಿದೆ. ಬರುವ ಅಂಚೆ ಮನೆಗೇ ಬರಲಿ. ಹೋಗುವ ಅಂಚೆಯನ್ನು ಮಾತ್ರ ಹೆಸರುಳ್ಳ ರಿಲೇ ಸೇವೆಯೊಂದರ ಕೈಗೆ ಒಪ್ಪಿಸುವುದು. ಆಗ ಎಸ್‌ಪಿಎಫ್ ಪ್ರಕಟಣೆಯಲ್ಲಿ ಆ ಸೇವೆಯ ಹೆಸರನ್ನೂ ಸೇರಿಸಲು ಮರೆಯಬಾರದು. ಸ್ವಾತಂತ್ರ್ಯ ಸ್ವಲ್ಪ ಕುಗ್ಗುತ್ತದೆ, ಪತ್ರ ಮುಟ್ಟುವ ಭರವಸೆ ಹೆಚ್ಚುತ್ತದೆ. ಬರುವ ಅಂಚೆಯ ವಿಷಯದಲ್ಲಿ ವಿದ್ಯುತ್ತು ಹೋದರೂ ಹೆದರಬೇಕಾದುದಿಲ್ಲ. ಕಳುಹಿಸುವ ಸರ್ವರು ನಾಲ್ಕೈದು ದಿನಗಳಾದರೂ ಮತ್ತೆ ಮತ್ತೆ ಪ್ರಯತ್ನಿಸಬೇಕೆಂಬುದು ನಿಯಮಗಳ ಸಲಹೆ.

ಬೇರೆ ಬೇರೆ ಸೇವೆಗಳಲ್ಲಿರುವ ಸ್ನೇಹಿತರಿಗೆ ಆಗಾಗ ಪರೀಕ್ಷಾಪತ್ರ ಬರೆದು, ಅದು ಯಾವ ಪೆಟ್ಟಿಗೆಯಲ್ಲಿ ಬಿತ್ತೆಂದು ಕೇಳಿ ತಿಳಿಯುವುದು ಒಳ್ಳೆಯದು. ಸ್ಪ್ಯಾಮ್ ಬುಟ್ಟಿಯಲ್ಲಿ ಸಿಕ್ಕರೆ ಅಲ್ಲಿಂದ ಎತ್ತಿ, ಇದು ಕಸವಲ್ಲವೆಂದು ಗುರುತು ಹಾಕಲು ಅವರನ್ನು ಬೇಡಿಕೊಳ್ಳಬಹುದು. ಲಗ್ನಪತ್ರಿಕೆಯಂಥ ಮುಖ್ಯ ಕಾಗದವಾದರೆ, ಕಳುಹಿಸಿದ ಮೇಲೆ ಒಮ್ಮೆ ಫೋನ್ ಮಾಡಿ "ತಲಪಿತೇ?" ಎಂದು ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ.